ಕರೆಂಟಿಗೂ ಪಾಳಿ ಕಟ್ಟಿದ ಮಾವ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ನೀವಾಗಿ ಕಂಡುಹಿಡಿದು ಬೈಯುವ ತೊಂದರೆ ಬೇಡ. ಸಾಸ್ವೆಹಳ್ಳಿ ಹತ್ತಿರದ ನಮ್ಮ ಮಾವನ ಊರಿನ ಟಿ.ಸಿ., ಅಂದರೆ ಬೀದಿಗೆಲ್ಲ ಕರೆಂಟು ಹಂಚುವ ಟ್ರಾನ್ಸ್‌ಫಾರ್ಮರು, ಸುಟ್ಟುಹೋದದ್ದು ನನ್ನಿಂದ. ಕೈಯಿಂದಲ್ಲ, ಬಾಯಿಂದ! ಬಾಯಿಂದ ಟಿ.ಸಿ. ಸುಡುವುದು ಹೇಗೆ ಎಂದು ಕೇಳುತ್ತೀರಾ? ಅದಕ್ಕೆ ನಮ್ಮ ಸೋದರಮಾವನಂಥ ಮಾವ ಇರಬೇಕು. ಕರೆಂಟೆಂದರೆ ತಂತಿಯೊಳಗೆ ಹರಿಯುವ ಕಾಲುವೆ ನೀರು ಎಂದು ಮನಸಾರೆ ನಂಬಿದ ಮನುಷ್ಯ ಈ ಭೂಮಿಯ ಮೇಲೆ ಅವರೊಬ್ಬರೇ ಎಂದು ನಾನು ಎದೆ ತಟ್ಟಿ ಹೇಳಬಲ್ಲೆ.

ತಪ್ಪು ಮಾವನದ್ದೂ ಅಲ್ಲ ಬಿಡಿ. ಅವರ ಗದ್ದೆ ಇದ್ದದ್ದು ಭದ್ರಾ ಕಾಲುವೆಯ ಕಟ್ಟಕಡೆಯಲ್ಲಿ. ಮೇಲಿನವರು ಕುಡಿದು, ತೇಗಿ, ಎಮ್ಮೆ ತೊಳೆದು ಬಿಟ್ಟ ಮೇಲೆ ಮಿಕ್ಕದ್ದು ಇವರಿಗೆ. ಆದ್ದರಿಂದ ಅಲ್ಲಿ ಪಾಳಿ ಅಂತ ಒಂದು ಪದ್ಧತಿ. ಕೆಳಗಿನವರ ಪಾಳಿ ಬಂದಾಗ ಮೇಲಿನವರು ತಮ್ಮ ತೂಬು ಮುಚ್ಚಬೇಕು. ಮುಚ್ಚಿದ್ದಾರೋ ಇಲ್ಲವೋ ಎಂದು ನೋಡಲು ಕೆಳಗಿನವರು ಕೋಲು ಹಿಡಿದು ಕಾಲುವೆಯುದ್ದಕ್ಕೂ ನಡೆಯಬೇಕು. ಮಾವ ತಮ್ಮ ಅರ್ಧ ಆಯುಷ್ಯವನ್ನು ಹೀಗೆ ನಡೆದೇ ಕಳೆದವರು. ನಾನು ಜಗಳೂರಿನವನು. ನಮ್ಮ ಕಡೆ ನೀರೆಂದರೆ ಬೋರ್‌ವೆಲ್. ಬಂದರೆ ನಮ್ಮದು, ಬರದಿದ್ದರೆ ದೇವರದು. ನನಗೆ ಈ ಪಾಳಿ, ತೂಬು, ಕೋಲು ಎಲ್ಲ ಒಳ್ಳೆ ನಾಟಕದ ಹಾಗೆ ಕಾಣುತ್ತಿತ್ತು. ಮಾವನ ನಡಿಗೆ, ಕೆಮ್ಮು, ಕೂಗು ಮೂರನ್ನೂ ಚಿಕ್ಕಂದಿನಲ್ಲೇ ಕಲಿತುಬಿಟ್ಟೆ. ಈಗ ಚನ್ನಗಿರಿಯ ಒಂದು ಆರ್ಕೆಸ್ಟ್ರಾದಲ್ಲಿ ಹಾಡುಗಳ ನಡುವೆ ನಿಂತು ಮಿಮಿಕ್ರಿ ಮಾಡುತ್ತೇನೆ. ಮದುವೆಗಳು ಮುಗಿದವೋ, ನನ್ನ ಬಾಯಿಗೆ ಕೆಲಸವಿಲ್ಲ, ಹೊಟ್ಟೆಗೆ ಮಾತ್ರ ಇದೆ.

ಅಂಥ ಒಂದು ಬಿಡುವಿನಲ್ಲೇ ಅತ್ತೆಯ ಕಿಡ್ನಿ ಕೈಕೊಟ್ಟಿತು.

ವಾರಕ್ಕೆರಡು ಸಲ ಡಯಾಲಿಸಿಸ್ ಆಗಲೇಬೇಕು ಎಂದರು ಡಾಕ್ಟರು. ಹೊನ್ನಾಳಿಯ ಆಸ್ಪತ್ರೆಯ ಯಂತ್ರಗಳಿಗೆ ಆಗಲೇ ರೋಗಿಗಳ ಸರದಿ ತುಂಬಿತ್ತು, ಶಿವಮೊಗ್ಗಕ್ಕೇ ಹೋಗಬೇಕಾಯಿತು. ಮೊದಮೊದಲು ಬಸ್ಸು, ಆಮೇಲೆ ಯಾರದೋ ಜೀಪು. ಊರು ದಾಟುವುದರೊಳಗೆ ಅತ್ತೆಗೆ ವಾಂತಿ. ದಾರಿಯುದ್ದಕ್ಕೂ ವಾಂತಿ. ತಿಂದ ಎರಡು ತುತ್ತೂ ಹೊರಗೆ. ಮಾವ ಒಂದು ದಿನ ಆಕೆಯ ಬೆನ್ನು ನೀವುತ್ತ, "ಈ ಹೊಗೆ ವಾಸನೆಗೇ ಆಗ್ತೈತೇನೇ ನಿಂಗೆ?" ಎಂದು ಕೇಳಿದರಂತೆ. ಅತ್ತೆ ಹೂಂ ಎಂದು ತಲೆಯಾಡಿಸಿದರಂತೆ. ಮುಗಿಯಿತು! ಅವತ್ತಿಂದ ಮಾವನಿಗೆ ಪೆಟ್ರೋಲು, ಡೀಸೆಲ್ಲು ಎರಡೂ ಹುಟ್ಟುವೈರಿಗಳು.

ಆಗ ಮೂಗು ತೂರಿಸಿದ ಮಹಾಶಯ ನಾನೇ. ದಾವಣಗೆರೆಯ ಗ್ಯಾರೇಜೊಂದರಲ್ಲಿ ಒಂದು ಕಾರು ನಿಂತಿತ್ತು. ಬೆಂಗಳೂರಿನ ಮಳೆಯಲ್ಲಿ ಮುಳುಗಿ ಎದ್ದು, ಮಾಲೀಕನಿಗೆ ಬೇಡವಾಗಿ, ಟ್ರ್ಯಾಕ್ಟರಿನ ಬದಲಿಗೆ ಸಿಗುವಷ್ಟು ಅಗ್ಗವಾಗಿದ್ದ ವಿದೇಶಿ ಕಾರು. ಅದಕ್ಕೆ ಎರಡು ಹೊಟ್ಟೆ. ಒಂದಕ್ಕೆ ಪೆಟ್ರೋಲು, ಇನ್ನೊಂದಕ್ಕೆ ಕರೆಂಟು. ಕರೆಂಟು ಇರುವ ತನಕ ಬೆಕ್ಕಿನ ಹಾಗೆ ಸದ್ದಿಲ್ಲದೆ ಹೋಗುತ್ತದೆ. ಮುಗಿದ ಕೂಡಲೇ ನಮ್ಮನ್ನು ಒಂದು ಮಾತೂ ಕೇಳದೆ ಎಂಜಿನ್ ಹೊತ್ತಿಸಿಕೊಂಡು ಗುರ್ ಎನ್ನುತ್ತದೆ.

"ಇದು ಮೊಬೈಲ್ ಇದ್ದಂಗೆ ಮಾವ. ಚಾರ್ಜಿಗೆ ಹಾಕಿ ಮಲಗಿದ್ರೆ ಆತು," ಎಂದೆ ನಾನು, ಪಂಡಿತನ ಹಾಗೆ.

"ಶಿವಮೊಗ್ಗ ಮುಟ್ಟುತ್ತೇನಲೇ, ಹೊಗೆ ಇಲ್ದಂಗೆ?"

"ಪೂರ್ತಿ ತುಂಬಿದ್ರೆ ಆಸ್ಪತ್ರೆ ಗೇಟಿನ ತನಕ ಕರೆಕ್ಟು."

"ಪೂರ್ತಿ ತುಂಬದಿದ್ರೆ?"

ಕಾರಿನೊಳಗೆ ಮಾತಾಡುವ ಇಂಗ್ಲಿಷ್ ಹೆಂಗಸಿನ ದನಿಯನ್ನು ಅನುಕರಿಸಿ ಅವರನ್ನು ನಗಿಸಿದೆ. ಮಾವ ಮರುದಿನವೇ ಟ್ರ್ಯಾಕ್ಟರು ಕೊಟ್ಟು ಕಾರು ತಂದರು. ಓಡಿಸಲು ಅವರಿಗೆ ಬಾರದು. ಹಾಗಾಗಿ ಕಾರಿನ ಜೊತೆಗೆ ನಾನೂ ಆ ಮನೆ ಸೇರಿದೆ.

ಮೊದಲ ಸಂಜೆ ಮಾವ ಕಾರಿಗೆ ಅರಿಶಿನ ಕುಂಕುಮ ಹಚ್ಚಿ ಪ್ಲಗ್ ಚುಚ್ಚಿದರು. ಚುಚ್ಚಿದ್ದೇ ತಡ, ಅಕ್ಕಪಕ್ಕದ ಮನೆಗಳ ಬಲ್ಬುಗಳು ಹಸಿದ ಮಗುವಿನ ಕಣ್ಣಿನ ಹಾಗೆ ಬಾಡಿದವು. ಫ್ಯಾನುಗಳು ಯೋಚನೆ ಮಾಡುತ್ತ ತಿರುಗತೊಡಗಿದವು. ಕಾರು ಮಾತ್ರ ಒಂದು ಸಲ ಟೀಂ ಎಂದು, ಕೆಂಪು ದೀಪ ತೋರಿಸಿ, ಮುಖ ತಿರುಗಿಸಿತು. ವೋಲ್ಟೇಜು ಸಾಲದಂತೆ! ಯಾಕೆಂದರೆ ಟಿ.ಸಿ. ಇದ್ದದ್ದು ಬೀದಿಯ ಆ ತುದಿಯಲ್ಲಿ, ಮಾವನ ಮನೆ ಈ ತುದಿಯಲ್ಲಿ. ನಡುವಿನ ಮನೆಗಳೆಲ್ಲ ಕುಡಿದು ಮಿಕ್ಕದ್ದು ಇವರಿಗೆ.

ಮಾವ ತಂತಿಯನ್ನೊಮ್ಮೆ, ಕಂಬವನ್ನೊಮ್ಮೆ ನೋಡಿದರು. ಮುಖದಲ್ಲಿ ಹಳೆಯ ಪರಿಚಯಸ್ಥನನ್ನು ಕಂಡ ಕಳೆ.

"ಇಲ್ಲೂ ನಾನು ಕೊನೇನೇ ಏನಲೇ!"

ಮರುದಿನ ನ್ಯಾಮತಿಯಿಂದ ಒಂದು ವೋಲ್ಟ್‌ಮೀಟರ್ ಬಂತು. ಜಗಲಿಯ ಕಂಬಕ್ಕೆ ಅದನ್ನು ತೂಗುಹಾಕಿ ಮಾವ ಎದುರಿಗೆ ಕುಳಿತರು. ಮುಳ್ಳು ಆಡಿದಂತೆಲ್ಲ ಬೀದಿಯ ಸಂಸಾರಗಳ ಗುಟ್ಟು ಅವರಿಗೆ ತಿಳಿಯತೊಡಗಿತು. ಸಣ್ಣಗೆ ನಡುಗಿದರೆ ಗೌರಕ್ಕನ ಮಿಕ್ಸಿ. ಜಗ್ಗಿ ಬಿದ್ದರೆ ನೀರಿನ ಮೋಟಾರು. ಬಿದ್ದು, ಎದ್ದು, ಮತ್ತೆ ಬಿದ್ದು ಕುಡುಕನ ಹಾಗೆ ಕುಣಿದರೆ ಅದು ಎದುರು ಸಾಲಿನ ರಹಮತ್ ಸಾಬರ ವೆಲ್ಡಿಂಗ್.

"ಗೌರೀ, ಇವತ್ತು ಒಬ್ಬಟ್ಟೇನೇ? ಎಷ್ಟೊತ್ತು ರುಬ್ತೀಯಾ ಹೂರಣಾನ?" ಎಂದು ಜಗಲಿಯಿಂದಲೇ ಕೂಗುತ್ತಿದ್ದರು.

"ಅಯ್ಯಯ್ಯೋ! ಒಲೆ ಮುಂದೆ ಬಂದು ಇಣುಕಿದಂಗಾತಲ್ಲಪ್ಪ ಇದು! ಹೆಂಗಸರು ಅಡಿಗೆ ಮಾಡೋದೂ ಬ್ಯಾಡ್ವ ಈ ಊರಾಗೆ?" ಗೌರಕ್ಕನ ದನಿಗೆ ಮೈಕು ಬೇಕಿರಲಿಲ್ಲ. "ಜೀವಮಾನ ಎಲ್ಲಾ ಮ್ಯಾಲಿನೋರು ನೀರು ಕುಡೀತಾರೆ ಅಂತ ಬೈದೆ. ಈಗ ನೀನೇ ಒಂದು ಕಾರು ಕಟ್ಕಂಡು ಬೀದಿ ಕರೆಂಟೆಲ್ಲಾ ಕುಡಿಸ್ತಾ ಕುಂತೀಯ!"

ರಹಮತ್ ಸಾಬರ ಜೊತೆಗಂತೂ ದಿನವೂ ಯುದ್ಧ.

"ಸಾಬ್ರೇ, ನಿಮ್ಮ ಗೇಟು ಬೆಸೆಯೋದು ನಿಲ್ಲಿಸ್ರಿ. ನನ್ನ ಮುಳ್ಳು ಸಾಯ್ತೈತೆ."

"ಯಜಮಾನ್ರೇ, ನಂದು ಹೊಟ್ಟೆಪಾಡು, ನಿಮ್ದು ಶೋಕಿ. ಯಾವ್ದು ನಿಲ್ಲಬೇಕು ನೀವೇ ಹೇಳ್ರಿ."

ಶೋಕಿ ಎಂಬ ಮಾತು ಕೇಳಿದ್ದೇ ಮಾವ ಎದ್ದು ಒಳಗೆ ಹೋದರು. ಒಳಗೆ ಅತ್ತೆ ಗೋಡೆಗೊರಗಿ ಕುಳಿತಿದ್ದರು, ಕಾಲು ಬಾತು ತಲೆದಿಂಬಿನಂತಾಗಿತ್ತು. ರಹಮತ್ ಸಾಬರು ಬಾಗಿಲಿನಿಂದ ಅದನ್ನು ನೋಡಿಬಿಟ್ಟರು. ತಿರುಗಿ ಹೋಗಿ ಅವತ್ತಿನ ಮಟ್ಟಿಗೆ ಅಂಗಡಿಯ ಮೇನ್ ಆಫ್ ಮಾಡಿದರು. ಮರುದಿನ ಮತ್ತೆ ಯುದ್ಧ, ಅದು ಬೇರೆ ಮಾತು!

ಕೊನೆಗೆ ಮಾವ ಅರಳಿಕಟ್ಟೆಯಲ್ಲಿ ಬೀದಿಯವರನ್ನೆಲ್ಲ ಸೇರಿಸಿದರು. ಕಾಲುವೆಗೊಂದು ಪಾಳಿ ಇದ್ದ ಮೇಲೆ ಕರೆಂಟಿಗೂ ಒಂದು ಪಾಳಿ ಇರಲಿ ಎಂದರು. ಆಸ್ಪತ್ರೆಗೆ ಹೋಗುವ ಹಿಂದಿನ ಸಂಜೆ ದೀಪ ಹಚ್ಚುವ ಹೊತ್ತಿನಿಂದ ಕಾರಿನ ಪಾಳಿ. ಆಗ ಮೇಲಿನವರೆಲ್ಲ ತಮ್ಮ ತಮ್ಮ ತೂಬು ಮುಚ್ಚಬೇಕು: ಮಿಕ್ಸಿ ಇಲ್ಲ, ಮೋಟಾರಿಲ್ಲ, ಇಸ್ತ್ರಿ ಇಲ್ಲ, ನೀರು ಕಾಯಿಸುವ ಕಾಯಿಲ್ ಇಲ್ಲ.

"ಇಡೀ ರಾತ್ರಿ ಬಿದ್ದೈತಲ್ಲ, ಎಲ್ಲಾರೂ ಮಲಗಿದ ಮೇಲೆ ಹಾಕ್ಕಾ," ಎಂದರು ಯಾರೋ.

"ರಾತ್ರಿ ಕರೆಂಟು ಇರ್ತೈತೆ ಅಂತ ಜಾಮೀನು ನೀನು ಕೊಡ್ತೀಯ? ನೀರು ಬಂದಾಗ ತುಂಬ್ಕಬೇಕು ಕಣಪ್ಪ. ಕೊನೆಯೋನಿಗೆ ನಾಳೆ ಅನ್ನೋದು ಇಲ್ಲ."

ಈ ಮಾತಿಗೆ ಯಾರೂ ತಕರಾರು ತೆಗೆಯಲಿಲ್ಲ. ಅಲ್ಲಿ ಕುಳಿತವರೆಲ್ಲರ ಗದ್ದೆಗಳೂ ಅದೇ ಕಾಲುವೆಯ ಕೊನೆಯಲ್ಲಿದ್ದವಲ್ಲ! ಟೀವಿಯ ವಿಷಯದಲ್ಲಿ ಮಾತ್ರ ಹೆಂಗಸರು ಬಂಡಾಯವೆದ್ದರು. ಬಹಳ ಚರ್ಚೆಯಾಯಿತು. ಕುಡಿಯುವ ನೀರಿಗೆ ಎಂದೂ ಪಾಳಿ ಇಲ್ಲ, ಟೀವಿಯೂ ಕುಡಿಯುವ ನೀರಿನ ಲೆಕ್ಕವೇ ಎಂದು ತೀರ್ಮಾನವಾಗಿ ಸಭೆ ಮುಗಿಯಿತು.

ಅವತ್ತಿಂದ ಮಾವನ ಹಳೆಯ ವೈಭವ ಮರಳಿ ಬಂತು. ಸಂಜೆಯಾದರೆ ಅದೇ ಕೋಲು, ಅದೇ ನಡಿಗೆ. ಕಾಲುವೆ ಏರಿಯ ಬದಲು ಕಂಬದಿಂದ ಕಂಬಕ್ಕೆ, ತಲೆಯೆತ್ತಿ ತಂತಿ ನೋಡುತ್ತ. ತಂತಿಗೆ ಯಾರಾದರೂ ಮಣ್ಣಿನ ಒಡ್ಡು ಹಾಕಿ ತಿರುಗಿಸಿಕೊಂಡಿದ್ದಾರೇನೋ ಎಂಬ ಹಾಗೆ! ಹಿಂದೆ ನಾನು, ಅವರಂತೆಯೇ ಕೋಲು ಊರಿ, ಅವರಂತೆಯೇ ಕತ್ತು ಎತ್ತಿ, ಅವರಂತೆಯೇ ಕೆಮ್ಮುತ್ತ. ಬೀದಿಯವರೆಲ್ಲ ಸೆರಗು ಬಾಯಿಗಿಟ್ಟು, ಟವೆಲ್ ಬಾಯಿಗಿಟ್ಟು ನಗುವುದು. ಕಾರು ತುಂಬಿದ ಮೇಲೆ ಮಾವ ಬೀದಿಯ ನಡುವೆ ನಿಂತು ಎರಡೂ ಕೈ ಬಾಯಿಗೆ ಕೊಟ್ಟು, "ಪಾಳಿ ಮುಗೀತ್ರಪ್ಪೋ! ಬಿಟ್ಕಳ್ರಿ!" ಎಂದು ಕೂಗುವುದು. ಆಗ ಬೀದಿಗೆ ಬೀದಿಯೇ ಜೀವ ಬಂದು ಗಿರ್ರೆನ್ನುವುದು.

ಮರುದಿನದ ಪ್ರಯಾಣದ ಕಥೆ ಕೇಳಿ. ಜೋರಾಗಿ ಓಡಿಸಿದರೆ ಎಂಜಿನ್ ಎದ್ದುಬಿಡುತ್ತದೆ ಎಂದು ನಾನು ಎತ್ತಿನ ಗಾಡಿಯ ವೇಗದಲ್ಲಿ ಹೋಗಬೇಕು. ಎ.ಸಿ. ಹಾಕಿದರೆ ಬ್ಯಾಟರಿ ಕರಗುತ್ತದೆ. ಆದ್ದರಿಂದ ಅಷ್ಟು ದೊಡ್ಡ ವಿದೇಶಿ ಕಾರಿನಲ್ಲಿ ಮಾವ ಬೀಸಣಿಗೆ ಹಿಡಿದು ಅತ್ತೆಗೆ ಗಾಳಿ ಹಾಕುವರು. ಹುಲ್ಲು ತುಂಬಿದ ಟ್ರ್ಯಾಕ್ಟರು ನಮಗೆ ಹಾರ್ನ್ ಹೊಡೆದು ಮುಂದೆ ಹೋಗುವುದು. ಅದರ ಡ್ರೈವರು ಕತ್ತು ಹೊರಳಿಸಿ ಕಾರನ್ನು ನೋಡಿ, ನನ್ನನ್ನು ನೋಡಿ, "ತಳ್ಳಬೇಕೇನಣ್ಣಾ?" ಎನ್ನುವನು!

ಆಸ್ಪತ್ರೆಯೆದುರು ಒಂದು ಕಬ್ಬಿನ ಹಾಲಿನ ಅಂಗಡಿ. ಅತ್ತೆ ಒಳಗೆ ಯಂತ್ರದ ಪಕ್ಕ ಮಲಗಿರುವಾಗ ಕಾರಿಗೆ ಅಲ್ಲಿಯ ಪ್ಲಗ್ಗು. ಕಾರು ಕುಡಿಯತೊಡಗಿದ ಕೂಡಲೇ ಕಬ್ಬಿನ ಗಾಣ ನಿದ್ದೆಗಣ್ಣಿನಲ್ಲಿ ತಿರುಗುವುದು. "ಸಾರ್, ನಿಮ್ಮ ಕಾರು ನನ್ನ ಕಬ್ಬಿನಾಲೆಲ್ಲಾ ಕುಡೀತಾ ಐತೆ," ಎಂದು ಅಂಗಡಿಯವನು ಗೊಣಗುವನು. ಮಾವ ಅವನಿಗೆ ಸಮಾಧಾನವಾಗಲೆಂದು ಲೋಟದ ಮೇಲೆ ಲೋಟ ಕಬ್ಬಿನ ಹಾಲು ಕುಡಿಯುವರು, ನನಗೂ ಕುಡಿಸುವರು. ಕುಡಿಯುತ್ತಲೇ ಅವರ ಕಣ್ಣು ಆಸ್ಪತ್ರೆಯ ಮೇಲಿನ ಕಿಟಕಿಯ ಮೇಲೆ. "ಲೇ, ಆ ಯಂತ್ರಾನೂ ಕರೆಂಟಿಂದೇ ನಡೆಯೋದಲ್ವೇನಲೇ?" ಎಂದು ಒಂದು ದಿನ ಕೇಳಿದರು. ಹೌದು ಎಂದೆ. ಲೋಟ ಕೆಳಗಿಟ್ಟು ಎದ್ದು ಹೋಗಿ ಕಾರಿನ ಪ್ಲಗ್ ಕಿತ್ತುಬಿಟ್ಟರು. ಆಸ್ಪತ್ರೆಗೆ ಬೇರೆಯೇ ಲೈನು, ಜನರೇಟರು ಎಲ್ಲ ಇದೆ ಎಂದು ನಾನು ತಿಳಿಹೇಳಿ, ಅಂಗಡಿಯವನೂ ಆಣೆ ಮಾಡಿದ ಮೇಲೆಯೇ ಮತ್ತೆ ಚುಚ್ಚಿದ್ದು. ಅಂಥ ಹೊತ್ತಿನಲ್ಲಿ ಅವರನ್ನು ಅನುಕರಿಸಲು ನನ್ನ ಬಾಯಿ ಏಳುತ್ತಿರಲಿಲ್ಲ.

ಅತ್ತೆ ಈಗಿಲ್ಲ. ಹೇಳದೆ ಇರೋಣವೆಂದಿದ್ದೆ, ಆದರೆ ನಗಿಸುತ್ತ ನಗಿಸುತ್ತ ನಿಮ್ಮಿಂದ ಮುಚ್ಚಿಡುವುದೂ ಒಂದು ಥರದ ಮೋಸ. ಟಿ.ಸಿ. ಸುಟ್ಟದ್ದು ಆಕೆಯ ಕೊನೆಯ ಬೇಸಿಗೆಯಲ್ಲಿ. ಆಕೆ ಹೋದ ಮೇಲೆ ಮಾತಾಡಿಸಲು ಬಂದವರಿಗೆಲ್ಲ ಮಾವ ಹೇಳುವುದು ಒಂದೇ ಮಾತು: "ಉಳಿಸ್ಕಣಾಕೆ ಆಗ್ಲಿಲ್ಲ. ಆದ್ರೆ ಕಾರು ಬಂದ ಮೇಲೆ ಒಂದು ದಿನಾನೂ ದಾರಿಯಾಗೆ ಆಕಿಗೆ ಹೊಗೆ ಕುಡಿಸ್ಲಿಲ್ಲ ನೋಡ್ರಿ." ಹೇಳುವಾಗ ಅವರ ಬೆನ್ನು ಸ್ವಲ್ಪ ನೆಟ್ಟಗಾಗುತ್ತದೆ. ಮಾವ ಇದನ್ನು ಓದುವರೇನೋ ಎಂಬ ಹೆದರಿಕೆ ನನಗಿಲ್ಲ. ಬರೆದದ್ದನ್ನು ನಂಬುವ ಜಾತಿಯಲ್ಲ ಅವರದು.

ಇನ್ನು ನನ್ನ ಸಾಹಸಕ್ಕೆ ಬರುತ್ತೇನೆ. ಆ ಬೇಸಿಗೆ ಉರಿಬಿಸಿಲು. ಪಾಳಿಯ ಒಂದು ಸಂಜೆ, ಗೌರಕ್ಕನ ಮನೆಯಲ್ಲಿ ಮಗಳ ಸೀಮಂತದ ತಯಾರಿ. ಮಿಕ್ಸಿ ಮುಂದೆ ಬೇಳೆ ತುಂಬಿದ ಪಾತ್ರೆಗಳ ಸಾಲು. ಎಲ್ಲರ ಮನೆಯ ತೊಟ್ಟಿಗಳೂ ಖಾಲಿ. ರಹಮತ್ ಸಾಬರು ಅರ್ಧ ಬೆಸೆದ ಕಿಟಕಿಯನ್ನು ಮುಂದಿಟ್ಟುಕೊಂಡು ಕುಳಿತಿದ್ದರು. ಬೀದಿಯೆಲ್ಲ ಮಾವನ ಕೂಗಿಗೆ ಕಿವಿಯಾಗಿತ್ತು. ಮಾವ ಮನೆಯೊಳಗೆ ಅತ್ತೆಯ ಕಾಲು ಒತ್ತುತ್ತಿದ್ದರು. ಕಾರು ಇನ್ನೂ ಅರ್ಧವೇ ತುಂಬಿತ್ತು. ನಾನು ಅರಳಿಕಟ್ಟೆಯಲ್ಲಿ ಕಾಲಾಡಿಸುತ್ತ ಕುಳಿತಿದ್ದೆ. ಪಕ್ಕದಲ್ಲಿದ್ದವರು, "ಎಲ್ಲಿ, ಯಜಮಾನ್ರು ಹೆಂಗೆ ಕೂಗ್ತಾರೆ, ಒಂದು ಮಾಡು ನೋಡಾಣ," ಎಂದರು. ಕಲಾವಿದನಿಗೆ ಯಾರಾದರೂ ಕೇಳಿದರೆ ಸಾಕಲ್ಲವೇ? ಮೆಲ್ಲಗೆ ಮಾಡಿದ್ದರೆ ಆಗುತ್ತಿತ್ತು. ನನಗೆ ಮೆಲ್ಲಗೆ ಬರುವುದಿಲ್ಲ! ಎದ್ದು ನಿಂತು ಎರಡೂ ಕೈ ಬಾಯಿಗೆ ಕೊಟ್ಟು ಕೂಗಿದೆ:

"ಪಾಳಿ ಮುಗೀತ್ರಪ್ಪೋ! ಬಿಟ್ಕಳ್ರಿ!"

ನನ್ನ ಬದುಕಿನಲ್ಲಿ ಅಷ್ಟು ಚೆನ್ನಾಗಿ ಮಿಮಿಕ್ರಿ ಮಾಡಿದ್ದು ಅದೇ ಮೊದಲು, ಅದೇ ಕೊನೆ. ಅಷ್ಟೂ ಮಿಕ್ಸಿಗಳು, ಮೋಟಾರುಗಳು, ಇಸ್ತ್ರಿಗಳು, ರಹಮತ್ ಸಾಬರ ವೆಲ್ಡಿಂಗು ಎಲ್ಲ ಒಂದೇ ಉಸಿರಿಗೆ ಎದ್ದವು. ಕಾರೂ ಎಳೆಯುತ್ತಲೇ ಇತ್ತು. ಬೀದಿಯ ಆ ತುದಿಯಲ್ಲಿ ಟಿ.ಸಿ. ಒಂದು ಸಲ ಗೊರಕೆ ಹೊಡೆಯಿತು, ಧಡಾರ್ ಎಂದಿತು, ನೀಲಿ ಬೆಳಕು ಕಾರಿತು. ಆಮೇಲೆ ಕತ್ತಲು. ಆ ಕತ್ತಲಿನಲ್ಲಿ ನಿಜವಾದ ಮಾವನ ದನಿ ಕೇಳಿತು:

"ಲೇ, ನಾನು ಕೂಗಿಲ್ಲ ಕಣ್ರಲೇ! ಕೂಗಿದ ನಾನು ಯಾವನಲೇ ಅವನು?"

ನನ್ನನ್ನು ಹುಡುಕಲು ಯಾರಿಗೂ ಬೆಳಕು ಬೇಕಾಗಲಿಲ್ಲ.

ಬೆಳಗಾಯಿತು. ಲೈನ್‌ಮ್ಯಾನ್ ಬಂದು ಟಿ.ಸಿ.ಯ ಹೊಟ್ಟೆ ತಟ್ಟಿ ನೋಡಿ, ಬೇರೆಯದು ಬರಲು ಕೆಲವು ದಿನ ಹಿಡಿಯುತ್ತದೆ ಎಂದ. ಮಧ್ಯಾಹ್ನಕ್ಕೆ ಆಸ್ಪತ್ರೆಯ ಸರದಿ. ಕಾರಿನಲ್ಲಿ ಅರ್ಧ ದಾರಿಯಷ್ಟೇ ಕರೆಂಟು. ಸರದಿ ತಪ್ಪಿದರೆ ಅತ್ತೆಯ ಎದೆಗೆ ನೀರು ಏರುತ್ತದೆ ಎಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು. ಗೌರಕ್ಕ ಕೈಯಲ್ಲೇ ರುಬ್ಬುತ್ತ ನನಗೆ ಒಂದೊಂದು ಸುತ್ತಿಗೂ ಒಂದೊಂದು ಶಾಪ ಕೊಡುತ್ತಿದ್ದಳು.

"ಮಾವ, ಇವತ್ತೊಂದು ದಿನ ಪೆಟ್ರೋಲಾಗೆ ಹೋಗಣ," ಎಂದೆ ತಲೆ ತಗ್ಗಿಸಿ.

"ಆಕಿ ಮೈಯಾಗೆ ಉಳಿದಿರೋದೇ ಎರಡು ತುತ್ತಿನ ಶಕ್ತಿ. ಅದನ್ನೂ ಕಕ್ಕಿಸ್ತೀಯೇನು?" ಮಾವ ಬೈಯಲೂ ಇಲ್ಲ. ಕಾರಿನ ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತರು. ಸತ್ತ ಎತ್ತಿನ ಮೈ ಮೇಲೆ ಹಾಗೆ ಕೈಯಿಡುತ್ತಾರೆ.

ಅಷ್ಟರಲ್ಲಿ ಬೀದಿಯಲ್ಲಿ ಗಡಗಡ ಸದ್ದು. ರಹಮತ್ ಸಾಬರು ತಳ್ಳುಗಾಡಿಯ ಮೇಲೆ ತಮ್ಮ ಡೀಸೆಲ್ ಜನರೇಟರನ್ನು ತಳ್ಳಿಕೊಂಡು ಬರುತ್ತಿದ್ದರು, ಕರೆಂಟಿಲ್ಲದ ಊರುಗಳಿಗೆ ವೆಲ್ಡಿಂಗಿಗೆ ಒಯ್ಯುವಂಥದ್ದು.

"ಏನ್ ನೋಡ್ತೀರಿ ಯಜಮಾನ್ರೇ? ಪ್ಲಗ್ ತಗೊಂಡ್ ಬರ್ರಿ."

"ಸಾಬ್ರೇ, ಇವತ್ತು ನನ್ನ ಪಾಳಿ ಅಲ್ಲ..."

"ಪಾಳಿ ಮಾತು ಸಂಜೆಗೆ. ಅಕ್ಕನ ಆಸ್ಪತ್ರೆ ಮಧ್ಯಾಹ್ನಕ್ಕೈತೆ."

ಹಗ್ಗ ಎಳೆದರು. ಜನರೇಟರು ಕೆಮ್ಮಿ, ಕ್ಯಾಕರಿಸಿ, ಬೀದಿಗೆಲ್ಲ ಕರಿಹೊಗೆ ಉಗುಳುತ್ತ ಹೊರಟಿತು. ಹೊಗೆಯಿಲ್ಲದ ಪ್ರಯಾಣಕ್ಕಾಗಿ ಬೆಳಗಿನಿಂದ ಹೊರಡುವ ಹೊತ್ತಿನವರೆಗೆ ನಾವು ಕುಡಿದ ಹೊಗೆಯನ್ನು ಶಿವಮೊಗ್ಗದ ಬಸ್‌ಸ್ಟ್ಯಾಂಡಿನಲ್ಲೂ ಯಾರೂ ಕುಡಿದಿರಲಿಕ್ಕಿಲ್ಲ! ಮಾವ ಮುಖಕ್ಕೆ ಟವೆಲ್ ಸುತ್ತಿಕೊಂಡು ಜನರೇಟರಿಗೂ ಕಾರಿಗೂ ನಡುವೆ ಓಡಾಡುತ್ತಿದ್ದರು. ವಯರು ಮುಟ್ಟಿ ಬಿಸಿ ನೋಡುವರು, ಕಾರಿನ ದೀಪ ನೋಡುವರು, ನನಗೆ ಬೆರಳು ತೋರಿಸಿ "ಏರ್ತಾ ಐತೆ, ಏರ್ತಾ ಐತೆ!" ಎನ್ನುವರು. ಅಷ್ಟು ದಿನಗಳಲ್ಲಿ ಅವರ ಮುಖದಲ್ಲಿ ಅಂಥ ಹುರುಪನ್ನು ನಾನು ಕಂಡಿರಲಿಲ್ಲ.

ಮಾವ ಒಳಕೋಣೆಯಲ್ಲಿ ಕೂರಿಸಿದ್ದ ಅತ್ತೆ ಯಾವಾಗಲೋ ಎದ್ದು ಬಂದು ಜಗಲಿಯ ಮೇಲೆ, ಆ ಹೊಗೆಯ ನಡುವೆಯೇ, ಗೋಡೆಗೊರಗಿ ಕುಳಿತು ಉಪ್ಪಿಲ್ಲದ ಮಂಡಕ್ಕಿಯನ್ನು ಒಂದೊಂದೇ ಕಾಳು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ನಾನು ಹೋಗಿ ಪಕ್ಕದಲ್ಲಿ ಕುಳಿತೆ. ಕೆಮ್ಮಿ ಕೆಮ್ಮಿ ನನ್ನ ಕಣ್ಣಲ್ಲಿ ನೀರು. ಆಕೆ ಮಾತ್ರ ಆರಾಮ. ಆಗ ಹೊಳೆಯಿತು ನೋಡಿ ಈ ಪಂಡಿತನಿಗೆ.

"ಅತ್ತೆ, ಇಷ್ಟು ಹೊಗೆ ಐತೆ. ನಿನಗೆ ವಾಂತಿ ಬರ್ತಿಲ್ವಾ?"

ಅತ್ತೆ ಇನ್ನೊಂದು ಕಾಳು ಬಾಯಿಗೆ ಹಾಕಿಕೊಂಡರು.

"ಹೊಗೆಗೆ ಯಾವತ್ತು ಬಂದಿತ್ತು ತಮ್ಮಾ? ಅದು ಕಾಯಿಲೆದು. ಈ ಕಾರಿನಾಗೂ ಬರ್ತೈತೆ. ಹಲ್ಲು ಕಚ್ಕಂಡು ಕುಂತಿರ್ತೀನಿ, ಆಸ್ಪತ್ರೆ ಬಚ್ಚಲಿಗೆ ಹೋಗೋ ತನಕ."

ನನಗೆ ಸಿಟ್ಟೇ ಬಂತು. ಟ್ರ್ಯಾಕ್ಟರು ಹೋಯಿತು, ಬೀದಿಗೆ ಬೀದಿ ಮಿಕ್ಸಿ ಬಿಟ್ಟಿತು, ಟಿ.ಸಿ. ಸುಟ್ಟಿತು, ಆ ಮನುಷ್ಯ ಕಂಬ ಕಂಬ ಸುತ್ತಿ ಸವೆದುಹೋದರು.

"ಮತ್ತೆ ಮಾವಂಗೆ ಯಾಕೆ ಹೇಳ್ಲಿಲ್ಲ? ಸುಮ್ನೆ ಯಾಕೆ ಅವರನ್ನ ಇಷ್ಟು ಓಡಾಡಿಸ್ತೀಯ?"

ಹೊಗೆಯೊಳಗೆ ಬಗ್ಗಿ ವಯರು ಮುಟ್ಟಿ ನೋಡುತ್ತಿದ್ದ ಮಾವನ ಕಡೆಗೇ ನೋಡುತ್ತ ಅತ್ತೆ ಹೇಳಿದರು:

"ನನ್ನ ಕಿಡ್ನಿ ಸರಿ ಮಾಡಾಕೆ ಅವ್ರ ಕೈಲಿ ಆಗಲ್ಲ. ಕರೆಂಟು ತರಾಕೆ ಆಗ್ತೈತಲ್ಲ, ತರ್ಲಿ ಬಿಡು."